ಹೊಲದ ಕೊರತೆ, ಚೀಲದ ಗೊಬ್ಬರ

ಬೆಳೆಯೊಂದು ಮೊಳೆತು, ಬೆಳೆದು, ಕಾಳು ಕಟ್ಟಲು 17 ಮೂಲಧಾತುಗಳು ಬೇಕು. ಇವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಈ ಮೂರು ಗಾಳಿಯಿಂದಲೂ ನೀರಿನಿಂದಲೂ ಸಿಗುತ್ತವೆ. ಗಿಡದ ಒಣತೂಕದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಇವುಗಳದ್ದೇ. ಉಳಿದ 14 ಧಾತುಗಳನ್ನು ಬೇರು ಮಣ್ಣಿನಿಂದ ಹೀರಬೇಕು. ಅವುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷಿಯಂ ಹೆಚ್ಚು ಬೇಕಾದವು. ಸುಣ್ಣಾಂಶ, ಮೆಗ್ನೀಸಿಯಂ, ಗಂಧಕ ಅವುಗಳ ನಂತರದವು. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್, ನಿಕ್ಕಲ್ ಇವು ಎಕರೆಗೆ ಕೆಲವು ಗ್ರಾಂಗಳಿಂದ ಹಿಡಿದು ಹೆಚ್ಚೆಂದರೆ ಕೆಲವು ಕಿಲೋಗಳಷ್ಟು ಸಾಕಾಗುವ ಲಘು ಪೋಷಕಾಂಶಗಳು. ಬೇಕಾಗುವ ಪ್ರಮಾಣ ಕಡಿಮೆ ಎಂದ ಮಾತ್ರಕ್ಕೆ ಇವುಗಳ ಅಗತ್ಯ ಕಡಿಮೆಯಲ್ಲ. ಯಾವ ಒಂದು ಇಲ್ಲದಿದ್ದರೂ ಬೆಳೆ ಪೂರ್ತಿಯಾಗುವುದಿಲ್ಲ, ಒಂದರ ಕೆಲಸವನ್ನು ಇನ್ನೊಂದು ಮಾಡುವುದೂ ಇಲ್ಲ.

ಕಾಡಿನಲ್ಲಿ ಮಣ್ಣಿನಿಂದ ಹೋದದ್ದು ಎಲೆಯಾಗಿ ಉದುರಿ ಮಣ್ಣಿಗೇ ಮರಳುತ್ತದೆ. ಹೊಲದ ಲೆಕ್ಕ ಬೇರೆ. ಒಂದು ಟನ್ ಭತ್ತ ಬೆಳೆಯಲು ಪೈರು ಮಣ್ಣಿನಿಂದ 15ರಿಂದ 20 ಕಿಲೋ ಸಾರಜನಕ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಷಿಯಂ ಮತ್ತು ಸುಮಾರು 3 ಕಿಲೋ ರಂಜಕವನ್ನು ತೆಗೆದುಕೊಳ್ಳುತ್ತದೆ. ಸಾರಜನಕ ಮತ್ತು ರಂಜಕದ ಹೆಚ್ಚಿನ ಪಾಲು ಕಾಳಿಗೆ ಸೇರಿ ಮಾರುಕಟ್ಟೆಗೆ ಹೋಗುತ್ತದೆ. ಪೊಟ್ಯಾಷಿಯಂ ಹಾಗಲ್ಲ, ಅದರ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಹುಲ್ಲಿನಲ್ಲೇ ಉಳಿಯುತ್ತದೆ. ಹುಲ್ಲು ದನ ತಿಂದು, ಸಗಣಿ ತಿಪ್ಪೆ ಸೇರಿ, ತಿಪ್ಪೆ ಹೊಲಕ್ಕೆ ಬಂದರೆ ಅದು ಮರಳಿ ಬಂದಂತೆ. ಕಾಳಿನ ಜೊತೆಗೆ ಹುಲ್ಲನ್ನೂ ಮಾರಿದ ರೈತ ಮಣ್ಣಿನ ಪೊಟ್ಯಾಷಿಯಂ ಅನ್ನೇ ಮಾರಿದ ಹಾಗೆ, ಹುಲ್ಲಿನ ಬೆಲೆಯಲ್ಲಿ ಅದು ಎಲ್ಲಿಯೂ ಸೇರಿರುವುದಿಲ್ಲ. ಕಬ್ಬಿನ ತರಗಿಗೆ ಬೆಂಕಿ ಇಟ್ಟರೆ ಅದರಲ್ಲಿದ್ದ ಸಾರಜನಕ ಮತ್ತು ಗಂಧಕ ಬಹುಪಾಲು ಹೊಗೆಯಾಗಿ ಹೋಗುತ್ತವೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದಾದರೂ ಮೊದಲ ಜೋರು ಮಳೆಗೆ ಅದೂ ಕೊಚ್ಚಿಹೋಗಬಹುದು.

ಹೀಗೆ ಹೊರಹೋದದ್ದನ್ನು ತುಂಬಿಕೊಡುವುದೇ ಗೊಬ್ಬರದ ಕೆಲಸ. ಆದರೆ ಎಷ್ಟು ಹಾಕಬೇಕು ಎನ್ನುವುದಕ್ಕಿಂತ ಮೊದಲು ಯಾವುದು ಕಡಿಮೆಯಾಗಿದೆ ಎಂದು ತಿಳಿಯಬೇಕು. ಈ ಮಾತನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್. 1820ರ ದಶಕದ ಕೊನೆಯಲ್ಲಿ ಅವರು ಮಂಡಿಸಿದ ಈ ವಿಚಾರವನ್ನು 1840ರ ನಂತರ ಲೋಕಪ್ರಸಿದ್ಧಗೊಳಿಸಿದವರು ರಸಾಯನವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್. ಬೆಳೆಯ ಅಗತ್ಯಕ್ಕೆ ಹೋಲಿಸಿದಾಗ ಅತ್ಯಂತ ಕಡಿಮೆ ಇರುವ ಪೋಷಕಾಂಶ ಯಾವುದೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ ಎಂಬುದು ಇದರ ಸಾರ. ಇದನ್ನು ಕನಿಷ್ಠ ನಿಯಮ ಎನ್ನುತ್ತಾರೆ. ಸತು ಇಲ್ಲದ ಗದ್ದೆಗೆ ಎಷ್ಟೇ ಯೂರಿಯಾ ಚೆಲ್ಲಿದರೂ ಫಲವಿಲ್ಲ. ಹೆಚ್ಚುವರಿ ಯೂರಿಯಾದಿಂದ ಪೈರು ಹಸಿರಾಗಿ ಕಂಡೀತು, ಕಾಳು ತುಂಬುವುದಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ 1842ರಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆಗೆ ಪೇಟೆಂಟ್ ಪಡೆದರು. ಮರುವರ್ಷ ಅಲ್ಲಿನ ಬ್ರಾಡ್‌ಬಾಕ್ ಹೊಲದಲ್ಲಿ ಶುರುವಾದ ಗೋಧಿಯ ಗೊಬ್ಬರ ಪ್ರಯೋಗ ಇಂದಿಗೂ ನಡೆಯುತ್ತಿದೆ.

ಹಿಡಿದಿಡುವ ಮಣ್ಣು, ಬಿಟ್ಟುಕೊಡುವ ಮಣ್ಣು

ಒಂದೇ ಗೊಬ್ಬರ ಎರಡು ಹೊಲಗಳಲ್ಲಿ ಎರಡು ರೀತಿ ವರ್ತಿಸುವುದಕ್ಕೆ ಮಣ್ಣಿನ ಜೇಡಿ ಕಣ ಮುಖ್ಯ ಕಾರಣ. ಈ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಧನ ವಿದ್ಯುದಂಶ ಹೊತ್ತ ಅಮೋನಿಯಂ, ಪೊಟ್ಯಾಷಿಯಂ, ಸುಣ್ಣಾಂಶ, ಮೆಗ್ನೀಸಿಯಂ ಅವಕ್ಕೆ ಅಂಟಿ ನಿಲ್ಲುತ್ತವೆ. ಬೇರು ತನ್ನಲ್ಲಿರುವ ಜಲಜನಕದ ಅಯಾನನ್ನು ಕೊಟ್ಟು ಇವುಗಳನ್ನು ಪಡೆಯುತ್ತದೆ. ನೈಟ್ರೇಟ್ ಋಣ ವಿದ್ಯುದಂಶದ್ದಾದ್ದರಿಂದ ಜೇಡಿ ಅದನ್ನು ಹಿಡಿಯುವುದಿಲ್ಲ. ಅದು ನೀರು ಹೋದ ಕಡೆಗೆ ಹೋಗುತ್ತದೆ.

ಬಯಲುಸೀಮೆಯ ದಕ್ಷಿಣ ಭಾಗದ ಕೆಮ್ಮಣ್ಣಿನಲ್ಲಿ ಕೆಯೋಲಿನೈಟ್ ಬಗೆಯ ಜೇಡಿ ಹೆಚ್ಚು. ಅದರ ಹಿಡಿದಿಡುವ ಶಕ್ತಿ ತೀರಾ ಕಡಿಮೆ. ಕೋಲಾರ, ತುಮಕೂರಿನ ಮರಳು ಮಿಶ್ರಿತ ಕೆಮ್ಮಣ್ಣಿಗೆ ಒಂದೇ ಸಲ ಹೆಚ್ಚು ಗೊಬ್ಬರ ಕೊಟ್ಟರೆ ಅದು ಬೇರಿನ ಕೈಗೆ ಸಿಗುವ ಮೊದಲೇ ಕೆಳಗಿಳಿಯುತ್ತದೆ. ಇದಕ್ಕೆ ವಿರುದ್ಧವಾಗಿ ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜೇಡಿ ಇದೆ. ಅದರ ಹಿಡಿತ ಕೆಯೋಲಿನೈಟ್‌ಗಿಂತ ಹಲವು ಪಟ್ಟು ಹೆಚ್ಚು, ಸಹಜ ಪೊಟ್ಯಾಷ್ ಕೂಡ ಧಾರಾಳ. ಆದರೆ ಸುಣ್ಣ ಹೆಚ್ಚಿರುವ, ಕ್ಷಾರದ ಕಡೆ ವಾಲಿದ ಎರೆಯಲ್ಲಿ ಸತು ಮತ್ತು ಕಬ್ಬಿಣ ಇದ್ದೂ ಇಲ್ಲದಂತಾಗುತ್ತವೆ, ಅವು ನೀರಿನಲ್ಲಿ ಕರಗದ ರೂಪ ತಾಳುತ್ತವೆ. ಶೇಂಗಾ ಮತ್ತು ಕಬ್ಬಿನ ಎಳೆ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಬಿಳಚಿಕೊಳ್ಳುವುದು ಕಬ್ಬಿಣದ ಕೊರತೆಯ ಗುರುತು. ಅಂಥ ಮಣ್ಣಿಗೆ ಕಬ್ಬಿಣದ ಲವಣ ಹಾಕಿ ಹೆಚ್ಚು ಪ್ರಯೋಜನವಿಲ್ಲ, ಅದೂ ಕರಗದ ರೂಪಕ್ಕೇ ತಿರುಗುತ್ತದೆ. ಶೇ 0.5ರ ಫೆರಸ್ ಸಲ್ಫೇಟ್ ದ್ರಾವಣವನ್ನು ಎಲೆಗೆ ಸಿಂಪಡಿಸಿದರೆ ಬೇಗ ಚೇತರಿಕೆ ಕಾಣುತ್ತದೆ.

ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಕಥೆ ಇನ್ನೊಂದು. ನೂರಾರು ಇಂಚು ಮಳೆ ಸುಣ್ಣಾಂಶ, ಮೆಗ್ನೀಸಿಯಂ, ಪೊಟ್ಯಾಷಿಯಂಗಳನ್ನು ತೊಳೆದು ಒಯ್ದಿರುವುದರಿಂದ ಮಣ್ಣು ಹುಳಿಯಾಗಿದೆ. ರಸಸಾರ 5.5ಕ್ಕಿಂತ ಕೆಳಗಿಳಿದಾಗ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗತೊಡಗುತ್ತದೆ, ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಕಟ್ಟಿಹಾಕುತ್ತವೆ. ಇಲ್ಲಿ ಗೊಬ್ಬರದ ಮಾತಿಗೂ ಮೊದಲು ಸುಣ್ಣದ ಮಾತು ಬರಬೇಕು. ಎಷ್ಟು ಸುಣ್ಣ ಎಂಬುದು ರಸಸಾರವನ್ನಷ್ಟೇ ನೋಡಿ ತೀರ್ಮಾನವಾಗುವುದಿಲ್ಲ, ಪ್ರಯೋಗಾಲಯ ಮಣ್ಣಿನ ಸುಣ್ಣದ ಅಗತ್ಯವನ್ನು ಬೇರೆಯಾಗಿ ಅಳೆದು ಹೇಳುತ್ತದೆ.

ಸಾರಜನಕ: ಕೈಗೆ ಸಿಕ್ಕೂ ಜಾರುವುದು

ಗಾಳಿಯ ಶೇ 78 ಭಾಗ ಸಾರಜನಕ. ಆದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಆ ಅಣುವಿನಲ್ಲಿ ಎರಡು ಪರಮಾಣುಗಳ ನಡುವಿನ ಬಂಧ ಅಷ್ಟು ಬಿಗಿ. ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಈ ಬಂಧವನ್ನು ಮುರಿಯಬಲ್ಲದು. 1909ರಲ್ಲಿ ಫ್ರಿಟ್ಜ್ ಹೇಬರ್ ಪ್ರಯೋಗಾಲಯದಲ್ಲಿ ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದರು, 1913ರಲ್ಲಿ ಜರ್ಮನಿಯ ಓಪೌನಲ್ಲಿ ಅದು ಕಾರ್ಖಾನೆಯ ಉತ್ಪಾದನೆಗೆ ಬಂತು. ಮೈಸೂರು ಸಂಸ್ಥಾನಕ್ಕೂ ಈ ತಂತ್ರ ತಡವಾಗಿ ಬರಲಿಲ್ಲ. 1930ರ ದಶಕದ ಕೊನೆಯಲ್ಲಿ ಮೈಸೂರಿನ ಬಳಿಯ ಬೆಳಗೊಳದಲ್ಲಿ ಸ್ಥಾಪನೆಯಾದ ಗೊಬ್ಬರ ಕಾರ್ಖಾನೆ ಭಾರತದಲ್ಲಿ ಅಮೋನಿಯಾ ತಯಾರಿಸಿದ ಮೊದಲಿಗರ ಸಾಲಿನಲ್ಲಿದೆ.

ಇಂದು ಸಾರಜನಕ ಎಂದರೆ ಯೂರಿಯಾ. ಅದರಲ್ಲಿ ಶೇ 46 ಸಾರಜನಕವಿದೆ, ಅಂದರೆ 45 ಕಿಲೋ ಚೀಲದಲ್ಲಿ ಸುಮಾರು 20.7 ಕಿಲೋ. ಬೆಳೆಗೆ ಅಷ್ಟೂ ಸಿಗುವುದಿಲ್ಲ. ಭತ್ತದ ಗದ್ದೆಯಲ್ಲಿ ಹಾಕಿದ ಸಾರಜನಕದ ಶೇ 30ರಿಂದ 40ರಷ್ಟು ಮಾತ್ರ ಪೈರಿಗೆ ದಕ್ಕುತ್ತದೆ ಎಂಬುದು ಭಾರತದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿರುವ ಅಂಕಿ. ಉಳಿದದ್ದರಲ್ಲಿ ಸ್ವಲ್ಪ ಮಣ್ಣಿನ ಜೀವಿಗಳ ಪಾಲಾಗುತ್ತದೆ, ಹೆಚ್ಚಿನದು ಮೂರು ದಾರಿಗಳಲ್ಲಿ ಕಳೆದುಹೋಗುತ್ತದೆ.

ಮಣ್ಣಿಗೆ ಬಿದ್ದ ಯೂರಿಯಾವನ್ನು ಯೂರಿಯೇಸ್ ಎಂಬ ಕಿಣ್ವ ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಮಾಡುತ್ತದೆ. ಆ ಹೊತ್ತಿಗೆ ಹರಳು ಮಣ್ಣಿನ ಮೇಲೆಯೇ ಇದ್ದರೆ ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ಕ್ಷಾರೀಯ ಎರೆಯಲ್ಲಿ, ಬಿಸಿಲು ಗಾಳಿ ಜೋರಾಗಿರುವಾಗ ಈ ನಷ್ಟ ಹೆಚ್ಚು. ಮಣ್ಣಿನೊಳಗೆ ಸೇರಿದ ಅಮೋನಿಯಂ ಅನ್ನು ಜೇಡಿ ಹಿಡಿದುಕೊಳ್ಳುತ್ತದೆ, ಆದರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಆ ನೈಟ್ರೇಟ್ ಮಳೆಯೊಂದಿಗೆ ಇಳಿದು ಅಂತರ್ಜಲ ಸೇರುತ್ತದೆ. ನೀರು ನಿಂತು ಗಾಳಿಯಾಡದ ಗದ್ದೆಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕ ಕಿತ್ತುಕೊಂಡು, ಸಾರಜನಕವನ್ನು ಮತ್ತೆ ಗಾಳಿಗೆ ಬಿಡುತ್ತವೆ. ಗದ್ದೆಯನ್ನು ಒಮ್ಮೆ ಒಣಗಿಸಿ ಒಮ್ಮೆ ನೀರು ತುಂಬಿಸುತ್ತಿದ್ದರೆ ನೈಟ್ರೇಟ್ ಆಗುವುದೂ ನಾಶವಾಗುವುದೂ ಸರದಿಯಂತೆ ನಡೆಯುತ್ತದೆ.

ನಷ್ಟದ ದಾರಿ ತಿಳಿದರೆ ತಡೆಯುವ ದಾರಿಯೂ ತಿಳಿಯುತ್ತದೆ. ಇಡೀ ಬೆಳೆಯ ಯೂರಿಯಾವನ್ನು ಬಿತ್ತನೆಯಲ್ಲೇ ಸುರಿಯಬಾರದು. ಸಸಿಯ ಬೇರು ಎರಡಂಗುಲ ಇರುವಾಗ ಅಷ್ಟೊಂದು ಸಾರಜನಕದಿಂದ ಅದಕ್ಕೇನೂ ಉಪಯೋಗವಿಲ್ಲ. ಭತ್ತಕ್ಕೆ ಅರ್ಧವನ್ನು ತಳಗೊಬ್ಬರವಾಗಿ, ಉಳಿದದ್ದನ್ನು ತೆಂಡೆ ಒಡೆಯುವಾಗ ಮತ್ತು ತೆನೆ ಒಳಗೊಳಗೇ ಮೂಡುವಾಗ ಎರಡು ಕಂತಿನಲ್ಲಿ ಕೊಡುವುದು ರೂಢಿಯಲ್ಲಿರುವ ಒಳ್ಳೆಯ ಕ್ರಮ. ಗದ್ದೆಯ ನೀರು ಬಸಿದು ಯೂರಿಯಾ ಕೊಟ್ಟು, ಒಂದು ದಿನ ಬಿಟ್ಟು ನೀರು ಕಟ್ಟಬೇಕು. ಮಳೆಯಾಶ್ರಿತ ರಾಗಿ, ಜೋಳಕ್ಕೆ ಮಣ್ಣು ಹದವಾಗಿದ್ದಾಗ ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿದರೆ ಗಾಳಿಗೆ ಹೋಗುವುದು ತಪ್ಪುತ್ತದೆ. ಬೇವಿನ ಎಣ್ಣೆಯ ಅಂಶಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನಗೊಳಿಸುತ್ತವೆ. 2015ರಿಂದ ದೇಶದಲ್ಲಿ ಮಾರಾಟವಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯವಾಗಿದೆ. ಹನಿ ನೀರಾವರಿ ಇದ್ದವರು ನೀರಿನ ಜೊತೆಗೇ ವಾರವಾರ ಚೂರುಚೂರಾಗಿ ಕೊಡಬಹುದು. ಭತ್ತದ ಎಲೆಯ ಬಣ್ಣವನ್ನು ಹೋಲಿಸಿ ನೋಡುವ ಪ್ಲಾಸ್ಟಿಕ್ ಪಟ್ಟಿಯೂ ಬಂದಿದೆ. ಎಲೆ ಪಟ್ಟಿಯ ಗೊತ್ತಾದ ಹಸಿರಿಗಿಂತ ತಿಳಿಯಾದಾಗ ಮಾತ್ರ ಮೇಲುಗೊಬ್ಬರ ಕೊಟ್ಟರೆ ಸಾಕು. ಅಗ್ಗದ ಈ ಪಟ್ಟಿ ಎಲ್ಲ ಗದ್ದೆಗಳಿಗೂ ಇನ್ನೂ ತಲುಪದಿರುವುದು ವಿಷಾದದ ಸಂಗತಿ.

ದ್ರವರೂಪದ ನ್ಯಾನೋ ಯೂರಿಯಾ ಕುರಿತು ದೊಡ್ಡ ನಿರೀಕ್ಷೆಗಳಿವೆ. ಮೊದಲು ಮಾರುಕಟ್ಟೆಗೆ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಶೇ 4ರಂತೆ ಇದ್ದ ಸಾರಜನಕ 20 ಗ್ರಾಂ. ಒಂದು ಚೀಲದಲ್ಲಿರುವುದು 20 ಕಿಲೋಗೂ ಹೆಚ್ಚು. ಎಲೆಗೆ ಕೊಟ್ಟದ್ದು ಮಣ್ಣಿಗೆ ಕೊಟ್ಟದ್ದಕ್ಕಿಂತ ಎಷ್ಟೇ ಚೆನ್ನಾಗಿ ದಕ್ಕಿದರೂ, ಟನ್‌ಗಟ್ಟಲೆ ಭತ್ತ ಮಣ್ಣಿನಿಂದ ಒಯ್ಯುವ ಸಾರಜನಕವನ್ನು ಗ್ರಾಂಗಳಿಂದ ತುಂಬಲಾಗದು.

ಸಾರಜನಕ ಅತಿಯಾದರೂ ಕೇಡು. ಭತ್ತ ಎತ್ತರಕ್ಕೆ ಬೆಳೆದು ಮಲಗುತ್ತದೆ, ಬೆಂಕಿರೋಗ ಮತ್ತು ಕಂದು ಜಿಗಿಹುಳುವಿನ ಹಾವಳಿ ಹೆಚ್ಚುತ್ತದೆ. ಕಬ್ಬಿಗೆ ತಡವಾಗಿ ಕೊಟ್ಟ ಯೂರಿಯಾ ತೂಕ ಹೆಚ್ಚಿಸಿದರೂ ರಸದಲ್ಲಿನ ಸಕ್ಕರೆಯನ್ನು ಇಳಿಸುತ್ತದೆ. ಆದರೂ ಯೂರಿಯಾ ಮಿತಿಮೀರಿ ಬಳಕೆಯಾಗುತ್ತಿರುವುದಕ್ಕೆ ರೈತರನ್ನಷ್ಟೇ ದೂರುವುದು ಸರಿಯಲ್ಲ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಜಾರಿಯಾದಾಗ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ದರವನ್ನು ಬಿಗಿಹಿಡಿತದಿಂದ ಬಿಟ್ಟರು, ಯೂರಿಯಾವನ್ನು ಆ ಪದ್ಧತಿಯ ಹೊರಗಿಟ್ಟರು. ಬೇರೆ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಮಾತ್ರ 45 ಕಿಲೋ ಚೀಲಕ್ಕೆ ತೆರಿಗೆ ಮತ್ತು ಬೇವಿನ ಲೇಪನದ ವೆಚ್ಚ ಬಿಟ್ಟು 242 ರೂಪಾಯಿಯಲ್ಲೇ ನಿಂತಿತು. ಅಗ್ಗವಾದದ್ದು, ಹಾಕಿದ ವಾರದೊಳಗೆ ಪೈರನ್ನು ಹಸಿರಾಗಿಸುವುದು. ಕೈ ಅದರ ಕಡೆಗೇ ಹೋಗುವುದು ಸಹಜ.

ರಂಜಕ ಮತ್ತು ಪೊಟ್ಯಾಷ್

ರಂಜಕದ ಗುಣ ಸಾರಜನಕಕ್ಕೆ ತದ್ವಿರುದ್ಧ. ಅದು ಬಿದ್ದ ಜಾಗ ಬಿಟ್ಟು ಕದಲುವುದೇ ಇಲ್ಲ. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ, ಸುಣ್ಣದ ಮಣ್ಣಿನಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿದು ಕೂರಿಸುತ್ತವೆ. ಹಾಕಿದ ವರ್ಷ ಬೆಳೆಗೆ ದಕ್ಕುವುದು ಶೇ 15ರಿಂದ 20ರಷ್ಟು. ಆದರೆ ಉಳಿದದ್ದು ಗಾಳಿಗೂ ಹೋಗುವುದಿಲ್ಲ, ನೀರಿಗೂ ಇಳಿಯುವುದಿಲ್ಲ. ಮಣ್ಣಿನಲ್ಲೇ ಇದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಇದರಿಂದ ಎರಡು ಪಾಠ ಸಿಗುತ್ತವೆ. ರಂಜಕವನ್ನು ಬಿತ್ತುವಾಗಲೇ, ಕೂರಿಗೆಯ ಸಾಲಿನಲ್ಲಿ ಬೀಜದ ಪಕ್ಕಕ್ಕೆ ಸ್ವಲ್ಪ ಕೆಳಗೆ ಬೀಳುವಂತೆ ಕೊಡಬೇಕು. ಮೇಲೆ ಎರಚಿದ್ದು ಬೇರಿನವರೆಗೆ ಹೋಗುವುದೇ ಇಲ್ಲ. ವರ್ಷವರ್ಷ ಡೈಅಮೋನಿಯಂ ಫಾಸ್ಫೇಟ್ (ಡಿಎಪಿ) ಹಾಕುತ್ತ ಬಂದ ನೀರಾವರಿ ಹೊಲಗಳಲ್ಲಿ ರಂಜಕ ಶೇಖರವಾಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ಪರೀಕ್ಷೆ ನೋಡಿಕೊಂಡು ಧೈರ್ಯವಾಗಿ ಕಡಿಮೆ ಮಾಡಬಹುದು. ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳನ್ನು ಬೀಜಕ್ಕೆ ಲೇಪಿಸುವುದೂ ಈ ದಾಸ್ತಾನನ್ನು ಬಿಡಿಸಿಕೊಳ್ಳುವ ಒಂದು ದಾರಿ.

ಚೀಲದ ಮೇಲಿನ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಡಿಎಪಿ ಚೀಲದ 18-46 ಎಂಬುದರಲ್ಲಿ 46 ಎಂದರೆ ರಂಜಕದ ಆಕ್ಸೈಡ್ ರೂಪದ ಲೆಕ್ಕ. ನಿಜವಾದ ರಂಜಕ ಅದರ ಶೇ 44 ಮಾತ್ರ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನ 60 ಕೂಡ ಆಕ್ಸೈಡ್ ಲೆಕ್ಕವೇ, ಪೊಟ್ಯಾಷಿಯಂ ಅದರ ಶೇ 83. ಶಿಫಾರಸುಗಳೂ ಇದೇ ಲೆಕ್ಕದಲ್ಲಿರುವುದರಿಂದ ಹೊಲದಲ್ಲಿ ತೊಂದರೆಯಾಗದು, ಬೆಳೆ ಹೀರಿದ ಪ್ರಮಾಣದ ಜೊತೆ ಹೋಲಿಸುವಾಗ ಗೊಂದಲವಾಗುತ್ತದೆ.

ಪೊಟ್ಯಾಷ್ ಗಿಡದಲ್ಲಿ ನೀರಿನ ಹತೋಟಿ, ಸಕ್ಕರೆಯ ಸಾಗಾಟ, ಕಾಂಡದ ಗಟ್ಟಿತನ ನೋಡಿಕೊಳ್ಳುತ್ತದೆ. ಕಡಿಮೆಯಾದರೆ ಹಳೆಯ ಎಲೆಯ ಅಂಚು ಸುಟ್ಟಂತಾಗುತ್ತದೆ. ಭಾರತ ಪೊಟ್ಯಾಷ್ ಗೊಬ್ಬರಕ್ಕೆ ಆಮದನ್ನೇ ನೆಚ್ಚಿಕೊಂಡಿದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು ಮ್ಯೂರಿಯೇಟ್ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಬಳಸುವುದಕ್ಕೆ ಕಾರಣ ಮ್ಯೂರಿಯೇಟಿನಲ್ಲಿರುವ ಕ್ಲೋರೈಡ್. ಅದು ಎಲೆ ಉರಿಯುವ ಗುಣವನ್ನು ಕೆಡಿಸುತ್ತದೆ.

ಕಣ್ಣಿಗೆ ಬೀಳದ ಹಸಿವು

ಹಿಂದೆ ರೈತರು ಹೆಚ್ಚಾಗಿ ಬಳಸುತ್ತಿದ್ದುದು ಅಮೋನಿಯಂ ಸಲ್ಫೇಟ್ ಮತ್ತು ಸಿಂಗಲ್ ಸೂಪರ್ ಫಾಸ್ಫೇಟ್. ಇವೆರಡರಲ್ಲೂ ಗಂಧಕವಿದೆ, ಮೊದಲನೆಯದರಲ್ಲಿ ಶೇ 23ರ ಆಸುಪಾಸು, ಎರಡನೆಯದರಲ್ಲಿ ಶೇ 11ರಷ್ಟು. ಸಾರಜನಕ, ರಂಜಕಕ್ಕೆಂದು ಹಾಕಿದಾಗ ಗಂಧಕ ತಾನಾಗಿಯೇ ಹೊಲ ಸೇರುತ್ತಿತ್ತು, ಯಾರೂ ಅದರ ಲೆಕ್ಕ ಇಡುತ್ತಿರಲಿಲ್ಲ. ಹೆಚ್ಚು ಸಾರದ ಯೂರಿಯಾ ಮತ್ತು ಡಿಎಪಿ ಬಂದಾಗ ಸಾಗಣೆ ಸುಲಭವಾಯಿತು, ಗಂಧಕ ನಿಂತಿತು. ಅದೇ ಕಾಲಕ್ಕೆ ಹೆಚ್ಚು ಇಳುವರಿಯ ತಳಿಗಳು ಮಣ್ಣಿನಿಂದ ಎಲ್ಲವನ್ನೂ ಹೆಚ್ಚು ಹೀರತೊಡಗಿದವು, ತಿಪ್ಪೆಗೊಬ್ಬರ ಕಡಿಮೆಯಾಯಿತು. ಸತುವಿನ ಕೊರತೆ ಮೊದಲು ಬಯಲಾದದ್ದು ಉತ್ತರದ ತರಾಯಿ ಪ್ರದೇಶದಲ್ಲಿ. ಅಲ್ಲಿ ಭತ್ತದ ಎಲೆಯಲ್ಲಿ ಕಂದು ಮಚ್ಚೆಗಳೆದ್ದು ಪೈರು ಕುಂಠಿತವಾಗುವ ಖೈರಾ ಎಂಬ ಬಾಧೆಗೆ ಯಾವ ರೋಗಾಣುವೂ ಕಾರಣವಲ್ಲ, ಸತುವಿನ ಕೊರತೆ ಕಾರಣ ಎಂದು ಪಂತನಗರದ ಸಸ್ಯರೋಗ ವಿಜ್ಞಾನಿ ವೈ. ಎಲ್. ನೆನೆ 1966ರಲ್ಲಿ ತೋರಿಸಿಕೊಟ್ಟರು.

ಕರ್ನಾಟಕದಲ್ಲಿ ಈ ಕೊರತೆಗಳ ಚಿತ್ರ ಸ್ಪಷ್ಟವಾದದ್ದು ಭೂಚೇತನ ಯೋಜನೆಯಲ್ಲಿ. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಜೊತೆಗೂಡಿ ಮಳೆಯಾಶ್ರಿತ ಬೇಸಾಯಕ್ಕಾಗಿ ಕೆಲವು ಜಿಲ್ಲೆಗಳಲ್ಲಿ ಇದನ್ನು ಆರಂಭಿಸಿತು, ಮುಂದೆ ಅದು ಆಗಿನ ಎಲ್ಲ 30 ಜಿಲ್ಲೆಗಳಿಗೂ ಹಬ್ಬಿತು. 90 ಸಾವಿರಕ್ಕೂ ಹೆಚ್ಚು ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಸಾಕಷ್ಟಿರಲಿಲ್ಲ. ಸಾವಯವ ಇಂಗಾಲದ ಸ್ಥಿತಿಯೂ ಹಾಗೆಯೇ ಇತ್ತು. ಪೊಟ್ಯಾಷ್ ಕೊರತೆಯ ಹೊಲಗಳು ಮಾತ್ರ ಹತ್ತರಲ್ಲೊಂದೂ ಇರಲಿಲ್ಲ. ಅಲ್ಲಿಯವರೆಗೆ ಒಣಬೇಸಾಯದ ಇಳುವರಿ ಕಡಿಮೆ ಇರುವುದಕ್ಕೆಲ್ಲ ಮಳೆಯನ್ನೇ ದೂರಲಾಗುತ್ತಿತ್ತು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಸೇರಿಸಿದ ಹೊಲಗಳಲ್ಲಿ ಅದೇ ಮಳೆಗೆ ರಾಗಿ, ಶೇಂಗಾ, ಮುಸುಕಿನ ಜೋಳ, ಸೋಯಾ ಅವರೆ ಇಳುವರಿ ಗಣನೀಯವಾಗಿ ಏರಿತು. ಬಿದ್ದ ಮಳೆಯನ್ನು ಪೈರು ಪೂರ್ತಿ ಬಳಸಿಕೊಳ್ಳಲಾರದಂತೆ ಮಾಡಿದ್ದು ಈ ಸಣ್ಣ ಕೊರತೆಗಳು. ಗೊಬ್ಬರ ನಿರ್ವಹಣೆಯ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಅರಿವು ನಮ್ಮ ಒಣಭೂಮಿಗೆ ಇತ್ತೀಚಿನ ದಶಕಗಳಲ್ಲಿ ಸಿಕ್ಕಿಲ್ಲ.

ಖರ್ಚೂ ದೊಡ್ಡದಲ್ಲ. ಶೇ 21 ಸತುವಿರುವ ಸತುವಿನ ಸಲ್ಫೇಟನ್ನು ಕೊರತೆಯಿರುವ ಹೊಲಕ್ಕೆ ಎಕರೆಗೆ 10 ಕಿಲೋ ಕೊಟ್ಟರೆ ಎರಡು ಮೂರು ಬೆಳೆಗೆ ಸಾಕು. ಇದನ್ನು ಡಿಎಪಿ ಜೊತೆ ಬೆರೆಸಬಾರದು, ರಂಜಕ ಮತ್ತು ಸತು ಒಂದನ್ನೊಂದು ಕಟ್ಟಿಹಾಕುತ್ತವೆ. ಬೋರಾಕ್ಸ್ ಎಕರೆಗೆ ಒಂದೆರಡು ಕಿಲೋ ಸಾಕು, ಅದನ್ನೂ ಮರಳು ಅಥವಾ ಗೊಬ್ಬರದಲ್ಲಿ ಬೆರೆಸಿ ಸಮನಾಗಿ ಹರಡಬೇಕು. ಬೋರಾನಿನಲ್ಲಿ ಕೊರತೆಗೂ ವಿಷಕ್ಕೂ ಇರುವ ಅಂತರ ತೀರಾ ಕಿರಿದು. ಶೇಂಗಾಕ್ಕೆ ಜಿಪ್ಸಂ ವಿಶೇಷ ಅಗತ್ಯ, ಏಕೆಂದರೆ ಅದರ ಕಾಯಿ ತನಗೆ ಬೇಕಾದ ಸುಣ್ಣಾಂಶವನ್ನು ಬೇರಿನಿಂದ ಪಡೆಯದೆ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಹೂಬಿಟ್ಟು ಊಡು ಇಳಿಯುವ ಹೊತ್ತಿಗೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಗಿಡದ ಬುಡಕ್ಕೆ ಬಿದ್ದರೆ ಕಾಯಿ ಜಳ್ಳಾಗುವುದು ತಪ್ಪುತ್ತದೆ, ಜೊತೆಗೆ ಗಂಧಕವೂ ಸಿಗುತ್ತದೆ.

ತಿಪ್ಪೆಯ ಪಾಲು

ಕೊಟ್ಟಿಗೆ ಗೊಬ್ಬರವನ್ನು ಬರೀ ಪೋಷಕಾಂಶದ ಲೆಕ್ಕದಲ್ಲಿ ನೋಡಿದರೆ ಅದು ಸಣ್ಣದಾಗಿ ಕಾಣುತ್ತದೆ. ಒಂದು ಟನ್ನಿನಲ್ಲಿ ಸುಮಾರು 5 ಕಿಲೋ ಸಾರಜನಕ, 2 ಕಿಲೋ ರಂಜಕ, 5 ಕಿಲೋ ಪೊಟ್ಯಾಷ್. ಒಂದು ಚೀಲ ಯೂರಿಯಾಕ್ಕೆ ಸಮನಾಗಲು 4 ಟನ್ ಬೇಕು, ಅದರಲ್ಲೂ ಮೊದಲ ವರ್ಷ ಬೆಳೆಗೆ ಸಿಗುವುದು ಮೂರನೆಯ ಒಂದು ಪಾಲಿನಷ್ಟು. ಆದರೆ ಯೂರಿಯಾ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ. ಕೊಳೆತು ಉಳಿದ ಸಾವಯವ ಅಂಶಕ್ಕೆ ಜೇಡಿಗಿಂತಲೂ ಹೆಚ್ಚು ಹಿಡಿದಿಡುವ ಶಕ್ತಿಯಿದೆ, ಕೆಮ್ಮಣ್ಣಿನ ದೌರ್ಬಲ್ಯಕ್ಕೆ ಅದೇ ಮದ್ದು. ಅದು ಸತು, ಬೋರಾನ್ ಮೊದಲಾದವನ್ನೂ ಸ್ವಲ್ಪ ಸ್ವಲ್ಪ ಕೊಡುತ್ತದೆ, ಮಳೆನೀರನ್ನು ಇಂಗಿಸುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದುಬಂದಿರುವ ಮಳೆಯಾಶ್ರಿತ ರಾಗಿಯ ಪ್ರಯೋಗದ ಫಲಿತಾಂಶ ಇದನ್ನೇ ಹೇಳುತ್ತದೆ. ರಸಗೊಬ್ಬರ ಮಾತ್ರ ಕೊಟ್ಟ ತಾಕುಗಳ ಇಳುವರಿ ವರ್ಷಗಳುರುಳಿದಂತೆ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಸಗೊಬ್ಬರ ಕೊಟ್ಟ ತಾಕುಗಳು ದಶಕಗಳ ಕಾಲ ಒಳ್ಳೆಯ ಇಳುವರಿ ಉಳಿಸಿಕೊಂಡವು. ಎರಡೂ ಬೇಕು ಎಂಬುದು ರಾಜಿಯ ಮಾತಲ್ಲ, ಅಳೆದು ಕಂಡ ಸಂಗತಿ.

ತೊಂದರೆ ಇರುವುದು ಗೊಬ್ಬರ ತಯಾರಾಗುವ ರೀತಿಯಲ್ಲಿ. ಬಿಸಿಲು ಮಳೆಗೆ ಬಯಲಾಗಿ ಬಿದ್ದ ತಿಪ್ಪೆಯಿಂದ ಸಾರಜನಕ ಹಾರಿಹೋಗುತ್ತದೆ, ಪೊಟ್ಯಾಷ್ ಬಸಿದುಹೋಗುತ್ತದೆ. ದನ ಹೊರಹಾಕುವ ಪೊಟ್ಯಾಷಿನ ಬಹುಪಾಲು, ಸಾರಜನಕದ ದೊಡ್ಡ ಪಾಲು ಗಂಜಲದಲ್ಲಿದೆ. ಕೊಟ್ಟಿಗೆಯ ನೆಲ ಅದನ್ನು ಹೀರಿದರೆ ತಿಪ್ಪೆಗೆ ಬರುವುದು ಉಳಿದರ್ಧ ಮಾತ್ರ. ತರಗು, ಹುಲ್ಲು ಹಾಸಿ ಗಂಜಲ ಹೀರಿಸಿಕೊಳ್ಳುವ ಮಲೆನಾಡಿನ ಸೊಪ್ಪಿನ ಕೊಟ್ಟಿಗೆ ಈ ದೃಷ್ಟಿಯಿಂದ ಬಹಳ ವಿವೇಕದ ಪದ್ಧತಿ. ಗುಂಡಿ ತೆಗೆದು, ಮೇಲೆ ನೆರಳು ಕಟ್ಟಿ, ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿದರೆ ಅದೇ ಸಗಣಿಯಿಂದ ಹೆಚ್ಚು ಸಾರದ ಗೊಬ್ಬರ ಸಿಗುತ್ತದೆ. ಉತ್ತರ ಕರ್ನಾಟಕದಲ್ಲಿ ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ರೂಢಿಯಿದೆ. ಹಿಕ್ಕೆಯೂ ಗಂಜಲವೂ ಸಾಗಣೆಯ ಖರ್ಚಿಲ್ಲದೆ ನೇರ ಮಣ್ಣಿಗೆ ಬೀಳುತ್ತವೆ. ದನ ಕಡಿಮೆ ಇರುವ ಊರುಗಳಿಗೆ ಸೆಣಬು, ಡಯಾಂಚ ಬಿತ್ತಿ ಹೂವಾಡುವ ಮೊದಲು ಮಣ್ಣಿಗೆ ಉಳುವುದು, ಬದುವಿನ ಮೇಲೆ ಗ್ಲಿರಿಸಿಡಿಯ, ಹೊಂಗೆ ಬೆಳೆಸಿ ಸೊಪ್ಪು ಹಾಕುವುದು ಕೈಗೆಟುಕುವ ದಾರಿ. ಕೆರೆಯ ಹೂಳನ್ನು ಮರಳು ಕೆಮ್ಮಣ್ಣಿಗೆ ಹೊಡೆಯುವುದರಿಂದ ಪೋಷಕಾಂಶಕ್ಕಿಂತ ಹೆಚ್ಚಾಗಿ ಜೇಡಿ ಸಿಗುತ್ತದೆ. ಆ ಮಣ್ಣಿಗೆ ಬೇಕಾಗಿರುವುದೂ ಅದೇ.

ಪರೀಕ್ಷೆ ಮತ್ತು ಲೆಕ್ಕ

ಮಣ್ಣು ಪರೀಕ್ಷೆಯಲ್ಲಿ ಪ್ರಯೋಗಾಲಯ ತಪ್ಪುವುದಕ್ಕಿಂತ ಮಾದರಿ ತಪ್ಪುವುದೇ ಹೆಚ್ಚು. ಅರ್ಧ ಕಿಲೋ ಮಣ್ಣು ಇಡೀ ಹೊಲದ ಪರವಾಗಿ ಮಾತನಾಡಬೇಕು. ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ಮೇಲ್ಮೈ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಸಮನಾದ ಪದರ ಕೆರೆದುಕೊಳ್ಳಬೇಕು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ನೀರು ನಿಲ್ಲುವ ತಗ್ಗು ಬಿಡಬೇಕು. ಕೆಮ್ಮಣ್ಣು, ಎರೆ ಎರಡೂ ಇರುವ ಹೊಲಕ್ಕೆ ಎರಡು ಮಾದರಿ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ ಕೊಡಬೇಕು. ಗೊಬ್ಬರ ತುಂಬಿದ್ದ ಹಳೇ ಚೀಲದಲ್ಲಿ ಮಾದರಿ ಕಟ್ಟಿಕೊಟ್ಟರೆ ಪರೀಕ್ಷೆಯ ಅರ್ಥವೇ ಹೋಗುತ್ತದೆ.

2015ರ ಫೆಬ್ರುವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಚೀಟಿಯಲ್ಲಿ 12 ಅಂಶಗಳಿರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಮೂರು ಪ್ರಧಾನ ಪೋಷಕಾಂಶಗಳು, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ಮೀರಿದರೆ ಹೆಚ್ಚು. ಸತುವಿಗೆ ದಶಲಕ್ಷಕ್ಕೆ 0.6 ಭಾಗ, ಬೋರಾನಿಗೆ 0.5 ಭಾಗ, ಗಂಧಕಕ್ಕೆ 10 ಭಾಗ ಸಾಮಾನ್ಯವಾಗಿ ಬಳಸುವ ಎಲ್ಲೆಗಳು. ಅದಕ್ಕಿಂತ ಕೆಳಗಿದ್ದರೆ ಕೊಟ್ಟದ್ದಕ್ಕೆ ಬೆಳೆ ಸ್ಪಂದಿಸುವ ಸಾಧ್ಯತೆ ಹೆಚ್ಚು.

ಚೀಟಿಯ ಶಿಫಾರಸನ್ನು ಚೀಲಕ್ಕೆ ಇಳಿಸುವ ಲೆಕ್ಕ ಕಷ್ಟದ್ದಲ್ಲ. ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕಿಲೋ ಸಾರಜನಕ, 16 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್ ಬೇಕೆಂದಿಟ್ಟುಕೊಳ್ಳೋಣ. ಮೊದಲು ರಂಜಕ: 16 ಕಿಲೋಗೆ 35 ಕಿಲೋ ಡಿಎಪಿ. ಅದರಲ್ಲೇ 6 ಕಿಲೋಗೂ ತುಸು ಹೆಚ್ಚು ಸಾರಜನಕ ಬಂದಿರುತ್ತದೆ. ಉಳಿದ ಸುಮಾರು 14 ಕಿಲೋಗೆ 30 ಕಿಲೋ ಯೂರಿಯಾ, ಪೊಟ್ಯಾಷ್‌ಗೆ 25 ಕಿಲೋ ಮ್ಯೂರಿಯೇಟ್. ಡಿಎಪಿಯ ಸಾರಜನಕವನ್ನು ಕಳೆಯದೆ 20 ಕಿಲೋಗೂ ಯೂರಿಯಾ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಡಿಎಪಿ ಸಿಗದಿದ್ದಾಗ 100 ಕಿಲೋ ಸೂಪರ್ ಫಾಸ್ಫೇಟ್ ಅದೇ 16 ಕಿಲೋ ರಂಜಕ ಕೊಡುತ್ತದೆ, ಜೊತೆಗೆ 11 ಕಿಲೋ ಗಂಧಕವನ್ನೂ. ಆಗ ಯೂರಿಯಾ 43 ಕಿಲೋಗೆ ಏರಿಸಬೇಕು. ಗಂಧಕ ಕಡಿಮೆಯಿರುವ ಹೊಲಕ್ಕೆ ಈ ಎರಡನೆಯ ದಾರಿಯೇ ಮೇಲು. ತೊಗರಿ, ಅವರೆ ಬೆಳೆದ ಹೊಲದಲ್ಲಿ ಮುಂದಿನ ಬೆಳೆಗೆ ಸಾರಜನಕವನ್ನು ಸ್ವಲ್ಪ ಇಳಿಸಬಹುದು. ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ ದೇಶಮಟ್ಟದಲ್ಲಿ ಹೇಳುವ ನಾಲ್ಕು, ಎರಡು, ಒಂದು ಎಂಬ ಅನುಪಾತ ಒಟ್ಟು ಬಳಕೆಯನ್ನು ಅಂದಾಜಿಸಲು ಮಾತ್ರ. ಒಂದು ಹೊಲಕ್ಕೆ ಅದನ್ನು ಅಳತೆಗೋಲು ಮಾಡಿಕೊಳ್ಳುವಂತಿಲ್ಲ.

ಹೊಲದಿಂದ ಜಾರಿದ ಸಾರಜನಕದ ಪರಿಣಾಮ ಹೊಲದಾಚೆಗೂ ಇದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಮೀರಿದ ನೀರು ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಗದ್ದೆ ಹೊಲಗಳಿಂದೇಳುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ. ಇವೆರಡನ್ನೂ ಕಡಿಮೆ ಮಾಡುವ ಕ್ರಮಗಳು ರೈತನ ಖರ್ಚನ್ನು ಉಳಿಸುವ ಕ್ರಮಗಳೇ ಆಗಿವೆ.

ಮಣ್ಣನ್ನು ಮೂರು ವರ್ಷಕ್ಕೊಮ್ಮೆ, ಅದೇ ಋತುವಿನಲ್ಲಿ, ಅದೇ ತಾಕಿನಿಂದ ಪರೀಕ್ಷಿಸಿ ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಬೇಕು. ಸತು, ಗಂಧಕದ ಅಂಕಿಗಳು ಒಂದೆರಡು ಬೆಳೆಯಲ್ಲೇ ಏರಬಹುದು. ರಂಜಕ ನಿಧಾನ. ಸಾವಯವ ಇಂಗಾಲ ಶೇ 0.4ರಿಂದ 0.5ಕ್ಕೆ ಏರಲು ಹಲವು ವರ್ಷಗಳ ತಿಪ್ಪೆಗೊಬ್ಬರ ಮತ್ತು ಹಸಿರೆಲೆ ಬೇಕಾಗುತ್ತದೆ. ಬಿಸಿಲು ನಾಡಿನ ಮಣ್ಣಿನಲ್ಲಿ ಅದು ಇಳಿಯದೆ ನಿಂತರೂ ನಿರ್ವಹಣೆ ಸರಿಯಾದ ಹಾದಿಯಲ್ಲಿದೆ ಎಂದೇ ತಿಳಿಯಬಹುದು.